ಬಾಗಿಲವರೆಗೆ ಹೋಗಿ ತಿರುಗಿದ್ದು

ಅಕ್ಕ ಹೇಳಿದ ಒಂದು ಕೆಲಸವನ್ನು ನಾನು ಮಾಡಲಿಲ್ಲ. ಮಾಡಿದೆ ಅಂತ ಸುಳ್ಳೂ ಹೇಳಿದೆ. ಕೆಲಸವೇನು ದೊಡ್ಡದಲ್ಲ, ನಮ್ಮ ಬೀದಿಯ ಹೆಂಗಸರನ್ನು ಒಂದು ಸಭೆಗೆ ಕರೆದು ಬರುವುದು. ಯಾಕೆ ಮಾಡಲಿಲ್ಲ ಅನ್ನುವುದು ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ. ಒಂದು ಸಲ ಒಂದು ಕಾರಣ ಅನ್ನಿಸುತ್ತದೆ, ಇನ್ನೊಂದು ಸಲ ಬೇರೆ.

ನಾವಿಬ್ಬರೂ ಚುಂಚನಕಟ್ಟೆ ಕಡೆಯ ಗದ್ದೆ ಸೀಮೆಯಲ್ಲಿ ಹುಟ್ಟಿ, ಬಿಳಿಕೆರೆ ಹತ್ತಿರದ ಹಳ್ಳಿಯೊಂದರಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರ ಕೈ ಹಿಡಿದವರು. ಹಾಗಾಗಿ ಅವಳು ನನಗೆ ಅಕ್ಕನೂ ಹೌದು, ವಾರಗಿತ್ತಿಯೂ ಹೌದು. ಅಕ್ಕ ಏಳನೇ ಕ್ಲಾಸಿನ ತನಕ ಓದಿದ್ದಳು. ನನ್ನನ್ನು ಮೂರಕ್ಕೇ ಬಿಡಿಸಿ ಎಮ್ಮೆ ಹಿಂದೆ ಕಳಿಸಿದ್ದರು.

ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸು. ಹುಣಸೂರಿನಿಂದ ಗ್ರಾಮಸೇವಿಕೆಯೊಬ್ಬರು ಬಸ್ಸಿನಲ್ಲಿ ಬಂದು ನಮ್ಮೂರಲ್ಲಿ ಮಹಿಳಾ ಸಮಾಜ ಶುರು ಮಾಡಿಸಿದರು. ಹೆಂಗಸರು ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು ಕಲಿಯಬೇಕು, ತಮ್ಮ ಕಷ್ಟ ತಾವೇ ಹೇಳಿಕೊಳ್ಳಬೇಕು ಅನ್ನುತ್ತಿದ್ದರು. ಅಕ್ಕನಿಗೆ ಆ ಮಾತು ಹಿಡಿಸಿಬಿಟ್ಟಿತು. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆವತ್ತು ಮಧ್ಯಾಹ್ನ ಹೆಂಗಸರಿಗೂ ತುಸು ಬಿಡುವು. ನಮ್ಮ ಮನೆ ಜಗುಲಿಯ ಮೇಲೆ ಸೇರತೊಡಗಿದೆವು.

ಜಗುಲಿ ಮಾತ್ರ ಅತ್ತೆಯದು. ಅವರು ಒಂದು ಷರತ್ತು ಹಾಕಿದರು. ಈ ಯುಗಾದಿಯಿಂದ ಮುಂದಿನ ಯುಗಾದಿಯೊಳಗೆ ಎಲ್ಲರೂ ಎದ್ದು ನಿಂತು ಮಾತಾಡಿದರೆ ಸಮಾಜ ನಡೆಯಲಿ, ಒಬ್ಬಳು ಬಾಯಿ ಬಿಡದೆ ಉಳಿದರೂ ಜಗುಲಿ ಮೇಲೆ ಹುರುಳಿ ಹರವಿಕೊಳ್ಳುತ್ತೇನೆ ಅಂದರು. ಅಕ್ಕ ಒಪ್ಪಿದಳು. ಎಲ್ಲರನ್ನೂ ಒಪ್ಪಿಸಿದಳು.

ಬಿಳಿಕೆರೆಯಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಮೊಸರು ಮಾರುವವಳು ಜಗುಲಿಯ ಮೇಲೆ ತನ್ನ ಸರದಿಗೆ ಏಳದೆ ಕೂತಾಗ, ಬಸ್ಸಿನ ಸದ್ದು ಮೀರಿಸಿ ಕೂಗುವ ಗಂಟಲನ್ನು ಮನೆಯಲ್ಲಿಟ್ಟು ಬಂದೆಯಾ ಅಂತ ಅಕ್ಕ ನಗಿಸಿ ಎಬ್ಬಿಸಿದಳು. ಹಾಲಿಗೆ ಹೆಪ್ಪು ಹಾಕುವುದು ಹೇಗೆ ಅಂತ ಮೊಸರಿನವಳು ಹೊತ್ತು ಮುಳುಗುವ ತನಕ ಹೇಳಿದಳು. ಇನ್ನೊಬ್ಬಳು ಎದ್ದು, "ನಮಸ್ಕಾರ. ನಮ್ಮೆಮ್ಮೆ ಈದದೆ," ಅಂದವಳೇ ಕೂತುಬಿಟ್ಟಳು.

ಅತ್ತೆ ಒಳಗಿನಿಂದಲೇ, "ಇದೂ ಒಂದು ಭಾಸಣ್ವೇನೇ?" ಅಂದರು.

"ಊಂ ಕಣತ್ತೆ, ಗಿಣ್ಣಿನ ಭಾಸಣ," ಅಂತ ಅಕ್ಕ ಚಪ್ಪಾಳೆ ತಟ್ಟಿದಳು. ಮುಂದಿನ ಸೋಮವಾರ ಆಕೆ ಗಿಣ್ಣನ್ನೂ ತಂದಳು, ಇನ್ನೊಂದಿಷ್ಟು ಮಾತನ್ನೂ ತಂದಳು.

ಹೀಗೆ ಎಳೆದೆಳೆದು ವರ್ಷದ ಕೊನೆಗೆ ಉಳಿದವರು ಇಬ್ಬರೇ. ಬೀದಿಯ ಮೊದಲ ಮನೆಯ ದೊಡ್ಡವ್ವ ಮತ್ತು ನಾನು. ದೊಡ್ಡವ್ವನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಆಕೆ ಕೊಟ್ಟಿಗೆಯಲ್ಲಿ ಹಸುಗಳ ಮುಂದೆ ನಿಂತು ಮಾತು ಒಪ್ಪಿಸಿ ನೋಡುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ನಾನು ಬರೋ ಸೋಮವಾರ, ಬರೋ ಸೋಮವಾರ ಅನ್ನುತ್ತಲೇ ಬಂದಿದ್ದೆ.

ಯುಗಾದಿಗೆ ಮುಂಚಿನ ಸೋಮವಾರ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಸಮಾಜದವರನ್ನೂ ಗ್ರಾಮಸೇವಿಕೆ ಕರೆತರುವವರಿದ್ದರು. ಮಾಮೂಲಿ ಸೋಮವಾರಕ್ಕೆ ಯಾರನ್ನೂ ಕರೆಯಬೇಕಾಗಿರಲಿಲ್ಲ. ಹೊರಗಿನವರು ಬರುವ ದಿನ ಹಾಗಲ್ಲ. ಹಬ್ಬಕ್ಕೆ ಕರೆದ ಹಾಗೆ ಬಾಗಿಲಿಗೆ ಹೋಗಿ ಕುಂಕುಮ ಇಟ್ಟು ಕರೆಯಬೇಕು. ದಾರಿಯಲ್ಲಿ ಹೇಳಿದ ಮಾತಿಗೆ ಮಾನವಂತರು ಬರುವುದಿಲ್ಲ. ಅಕ್ಕ ಹಿಂದಿನ ದಿನ ಕುಂಕುಮದ ಬಟ್ಟಲು ನನ್ನ ಕೈಗೆ ಕೊಟ್ಟು, ತಾನು ಬರುವವರಿಗೆ ತಿಂಡಿ ಕರಿಯಲು ಕೂತಳು.

ಮೊದಲ ಬಾಗಿಲೇ ದೊಡ್ಡವ್ವನದು. ಹೊಸ್ತಿಲ ಮುಂದೆ ನಿಂತ ಮೇಲೆ ಹೊಳೆಯಿತು: ಗಂಡನಿಲ್ಲದವರ ಮುಂದೆ ಕುಂಕುಮದ ಬಟ್ಟಲು ಹಿಡಿಯುವುದು ಹೇಗೆ? ಬಟ್ಟಲು ಸೆರಗಲ್ಲಿ ಮುಚ್ಚಿಕೊಂಡು ಬರೀ ಬಾಯಲ್ಲಿ ಕರೆದರೆ, ಆಮೇಲೆ ಪಕ್ಕದ ಮನೆಯಲ್ಲಿ ಕುಂಕುಮ ಇಡುವುದನ್ನು ಆಕೆ ನೋಡುತ್ತಾರೆ. ಆಕೆಯನ್ನು ಬಿಟ್ಟು ಮುಂದೆ ಹೋದರೆ ಅದೂ ತಪ್ಪು. ಅಕ್ಕನನ್ನು ಕೇಳಿ ಬರಬಹುದಿತ್ತು, ಮನೆ ಕೂಗಳತೆಯಲ್ಲೇ ಇತ್ತು. ಕೇಳಲಿಲ್ಲ. ತಿರುಗಿ ಬಾವಿಕಟ್ಟೆಗೆ ಹೋದೆ. ಅಲ್ಲಿ ನೀರು ಸೇದುತ್ತಿದ್ದವರಿಗೆ, ನಾಳೆ ಬನ್ನಿ, ಬೇರೆಯವರಿಗೂ ಹೇಳಿ ಅಂದು ಮನೆಗೆ ಬಂದೆ.

"ಎಲ್ಲಾರ್ನೂ ಕರದ್ಯಾ?" ಅಕ್ಕ ಒಲೆ ಮುಂದಿನಿಂದ ಕೇಳಿದಳು.

"ಕರದೆ ಕಣಕ್ಕ," ಅಂದೆ.

ಮರುದಿನ ಬಂದವರು ಮೊಸರಿನವಳು ಮತ್ತು ಗಿಣ್ಣಿನವಳು ಮಾತ್ರ. ಪರ ಊರಿನವರು ಖಾಲಿ ಜಗುಲಿ ನೋಡಿದರು, ಕಾಫಿ ಕುಡಿದರು, ಬಸ್ಸಿನ ಹೊತ್ತಾಯಿತು ಅಂತ ಎದ್ದರು. ದೊಡ್ಡವ್ವ ಬರಲಿಲ್ಲ. ನಾನೂ ಮಾತಾಡಲಿಲ್ಲ, ಯಾರೂ ಮಾತಾಡು ಅನ್ನಲೂ ಇಲ್ಲ. ಯುಗಾದಿ ಕಳೆದ ಬೆಳಿಗ್ಗೆ ಅತ್ತೆ ಹುರುಳಿ ಹರವಿದರು.

ಕುಂಕುಮದ ಗೊಂದಲವೇ ಕಾರಣ ಅಂತ ನನಗೆ ನಾನೇ ಎಷ್ಟೋ ದಿನ ಹೇಳಿಕೊಂಡೆ. ಆದರೆ ಸಭೆ ನಡೆಯಲಿಲ್ಲವಲ್ಲ ಅಂತ ಆವತ್ತು ಎದೆ ಹಗುರಾಗಿದ್ದು ಯಾಕೆ? ದೊಡ್ಡವ್ವ ಮಾತಾಡಿದ್ದರೆ ಉಳಿಯುತ್ತಿದ್ದವಳು ನಾನೊಬ್ಬಳೇ. ಎಲ್ಲರೂ ಅಕ್ಕನನ್ನು ಹೊಗಳುವುದು ನನಗೆ ಬೇಡವಾಗಿತ್ತೋ ಏನೋ. ಬಾಗಿಲ ಮುಂದೆ ನಿಂತಾಗ ಇವೆಲ್ಲ ಮನಸ್ಸಿನಲ್ಲಿದ್ದವೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ಗೊತ್ತಾಗುವುದಿಲ್ಲ.

ಅಕ್ಕ ಬೀದಿಯ ಹೆಂಗಸರ ಜೊತೆ ಮಾತು ಬಿಟ್ಟಳು. ಕರೆದರೂ ಬಾರದೆ ಮಾನ ಕಳೆದರು ಅನ್ನುವುದು ಅವಳ ಸಂಕಟ. ದೊಡ್ಡ ಊರಿನವರು ಬರುವಾಗ ನಾವು ಬೇಡವಾದೆವು ಅನ್ನುವುದು ಅವರ ಸಂಕಟ. ಎರಡನ್ನೂ ಕೇಳಿಸಿಕೊಂಡು ನಾನು ಎರಡು ಕಡೆಯೂ ಹೂಂಗುಟ್ಟುತ್ತಿದ್ದೆ.

ಮುಂಗಾರಿನ ರಾಗಿ ಬಿತ್ತಿ, ಕಳೆ ಕೀಳುವ ಹೊತ್ತಿಗೆ ದೊಡ್ಡವ್ವ ಕೆಲಸಕ್ಕೆ ಬದಲು ಕೆಲಸದ ಲೆಕ್ಕದಲ್ಲಿ ನಮ್ಮ ಹೊಲಕ್ಕೆ ಮುಯ್ಯಾಳಾಗಿ ಬಂದರು. ಪಕ್ಕದ ಸಾಲಿನಲ್ಲಿ ಬಗ್ಗಿದವರು ತಲೆ ಎತ್ತದೆ ಕೇಳಿದರು.

"ಅವತ್ತು ನಮ್ಮ ಬಾಗ್ಲಗಂಟ ಬಂದಿದ್ಯಲ್ಲವ್ವ. ನಿನ್ನ ಬಳೆ ಸದ್ದು ಕೇಳ್ತು. ಮಣೆ ಹಾಕ್ಕೊಂಡು ಕಾಯ್ತಿದ್ದೆ. ಯಾಕವ್ವ ತಿರುಗೋದೆ?"

ನಾನು ಕಳೆ ಅಂತ ರಾಗಿ ಪೈರನ್ನೇ ಕಿತ್ತೆ.

ಮುಂದಿನ ಸೋಮವಾರ ಬೆಳಿಗ್ಗೆ ಬಟ್ಟಲು ಒಯ್ಯದೆ, ಬರಿಗೈಯಲ್ಲಿ ದೊಡ್ಡವ್ವನ ಮನೆಯಿಂದ ಶುರುಮಾಡಿ ಪ್ರತಿ ಬಾಗಿಲಿಗೂ ಹೋದೆ. ಎಲ್ಲರಿಗೂ ಒಂದೇ ಮಾತು, ಮಧ್ಯಾಹ್ನ ಜಗುಲಿಗೆ ಬನ್ನಿ ಅಂದೆ. ಏನು ವಿಶೇಷ ಅಂತ ಕೇಳಿದವರಿಗೆ ಬನ್ನಿ ಅಂತಷ್ಟೇ ಹೇಳಿದೆ. ಬಾಗಿಲಿಗೆ ಹೋಗಿ ಕರೆದದ್ದಕ್ಕೆ ಬಂದರು. ಅತ್ತೆ ಗೊಣಗುತ್ತಲೇ ಹುರುಳಿಯನ್ನು ಒಂದು ಮೂಲೆಗೆ ಗುಡಿಸಿದರು. ಅಕ್ಕ ಬಾಗಿಲಿಗೆ ಒರಗಿ ನಿಂತಳು, ಕೂರಲಿಲ್ಲ. ನಾನು ಕಂಬ ಹಿಡಿದು ಎದ್ದೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಗಿಣ್ಣಿನವಳ ಹಾಗೆಯೇ ಶುರು ಮಾಡಿದೆ.

"ನಮಸ್ಕಾರ. ಅಕ್ಕ ನಿಮ್ಮನ್ನೆಲ್ಲ ಕರ್ಕೊಂಡು ಬಾ ಅಂತ ನನ್ನ ಕಳ್ಸಿದ್ಲು. ನಾನು ಯಾರ ಮನೇಗೂ ಓಗ್ನಿಲ್ಲ. ಕರದೆ ಅಂತ ಅವಳಿಗೆ ಸುಳ್ಳೇಳ್ದೆ. ದೊಡ್ಡವ್ವನ ಬಾಗ್ಲಗಂಟ ಓಗಿ ತಿರುಗ್ಬಂದೆ. ಯಾಕೆ ಅಂದ್ರೆ ನಂಗೇ ಗೊತ್ತಿಲ್ಲ. ನಿಮ್ದೂ ತಪ್ಪಿಲ್ಲ, ಅಕ್ಕಂದೂ ತಪ್ಪಿಲ್ಲ. ದೊಡ್ಡವ್ವ, ನನ್ನ ಮನ್ನಿಸ್ಬುಡಿ. ಅಕ್ಕ, ನಂದು ತಪ್ಪಾಯ್ತು ಕಣಕ್ಕ."