ಹೆಬ್ಬೆಟ್ಟಿನ ಕಟ್ಟು ವಾಪಸ್ಸು ಕೊಟ್ಟ ದಿನ

೧೯೪೪ರಲ್ಲಿ ನಾನು ಮದ್ದೂರಿನ ಒಂದು ಅಕ್ಕಿ ಗಿರಣಿ ಕಂಪನಿಯ ಕಾರ್ಯದರ್ಶಿಯಾಗಿದ್ದೆ. ಷೇರುದಾರರಲ್ಲಿ ಹೆಚ್ಚಿನವರು ಸುತ್ತಲಿನ ರೈತರು, ಭತ್ತ ತರುವವರೂ ಅವರೇ. ಹಾಗಂತ ಗಿರಣಿ ಅವರ ಮಾತು ಕೇಳುತ್ತಿತ್ತೆಂದು ತಿಳಿಯಬೇಡಿ.

ಆ ಸುಗ್ಗಿಯಲ್ಲಿ ಫಿಟರ್ ಖಾಸಿಂ ಸಾಬರು ಬಾಯ್ಲರಿನ ಸೇಫ್ಟಿ ವಾಲ್ವ್ ಕಚ್ಚಿಕೊಂಡಿದೆಯೆಂದು ಬೆಂಕಿ ಆರಿಸಿ ಗಿರಣಿ ನಿಲ್ಲಿಸಿದರು. ಹೆಚ್ಚಾದ ಹಬೆಯನ್ನು ಹೊರಬಿಡುವ ಕವಾಟವದು. ತೆರೆಯದಿದ್ದರೆ ಬಾಯ್ಲರೇ ಸಿಡಿಯುತ್ತದೆ. ಮ್ಯಾನೇಜಿಂಗ್ ಡೈರೆಕ್ಟರಿಗೆ ಸಿಟ್ಟು ನೆತ್ತಿಗೇರಿತು. ಸಾಬರನ್ನು ಕೆಲಸದಿಂದ ತೆಗೆದು, ವಾಲ್ವ್ ಮುಟ್ಟದೆ, ಬೇರೊಬ್ಬನಿಂದ ಮತ್ತೆ ಬೆಂಕಿ ಹಾಕಿಸಿದರು.

ಷೇರುದಾರರಾದ ಕೊಪ್ಪದ ಮಾಯಿಗೌಡರು ನನ್ನ ಮೇಜಿನ ಮುಂದೆ ಬಂದು ನಿಂತರು. "ಸಾಬ್ರನ್ನ ವಾಪಸ್ ತಕೊಳ್ಳಿ ಅಂತ ನಾವು ಸಭೇಲಿ ಕೈ ಎತ್ತುದ್ರೆ ಆಯ್ತದಾ, ಸ್ವಾಮಿ?"

ಆಗುವುದಿಲ್ಲ ಎಂದೆ. ನೌಕರರನ್ನು ಇಡುವುದು, ತೆಗೆಯುವುದು ಡೈರೆಕ್ಟರುಗಳ ಅಧಿಕಾರ. ಷೇರುದಾರರು ಅದರಲ್ಲಿ ಕೈ ಹಾಕುವಂತಿಲ್ಲ. ನೌಕರನಿಗಂತೂ ಸಭೆಯಲ್ಲಿ ಕೂರುವ ಹಕ್ಕೂ ಇಲ್ಲ. ಆದರೆ ಡೈರೆಕ್ಟರುಗಳನ್ನು ಆರಿಸುವವರು ಷೇರುದಾರರು. ಈ ಸಲದ ವಾರ್ಷಿಕ ಸಭೆಯಲ್ಲಿ ಸರದಿಯಂತೆ ಮರುಆಯ್ಕೆಗೆ ನಿಲ್ಲಬೇಕಾದವರು ಅದೇ ಮ್ಯಾನೇಜಿಂಗ್ ಡೈರೆಕ್ಟರ್ ಎಂದು ತಿಳಿಸಿದೆ.

"ಅಂಗಾದ್ರೆ ಅಳ್ಳಿ ಅಳ್ಳಿ ತಿರುಗ್ತೀನಿ ಬುಡಿ" ಎಂದು ಗೌಡರು ಟವಲು ಕೊಡವಿ ಹೊರಟರು.

ಸಭೆಗೆ ರೈತರು ಕಿಕ್ಕಿರಿದು ಬಂದರು. ಆದರೆ ಮ್ಯಾನೇಜಿಂಗ್ ಡೈರೆಕ್ಟರ ಬಲವಿದ್ದದ್ದು ಪ್ರಾಕ್ಸಿಗಳಲ್ಲಿ, ಎಂದರೆ ಬರಲಾಗದವರು ತಮ್ಮ ಮತವನ್ನು ಇನ್ನೊಬ್ಬರಿಗೆ ವಹಿಸುವ ಪತ್ರಗಳಲ್ಲಿ. ಹೆಬ್ಬೆಟ್ಟು ಒತ್ತಿಸಿದ ಆ ಕಟ್ಟನ್ನು ಊರ ಪಟೇಲರುಗಳು ಸಭೆಯ ದಿನವೇ ತಿಂಡಿಯ ಹೊತ್ತಿಗೆ ತರುವುದು ವಾಡಿಕೆ. ನಲವತ್ತೆಂಟು ಗಂಟೆ ಮೊದಲೇ ತಲುಪಿಸಬೇಕೆಂದು ಕಂಪನಿಯ ನಿಯಮಾವಳಿ ಹೇಳುತ್ತಿತ್ತು. ದೊಡ್ಡವರ ಮನಸ್ಸು ನೋಯಿಸಬಾರದೆಂದು ಪ್ರತಿ ವರ್ಷ ತೆಗೆದುಕೊಳ್ಳುತ್ತಿದ್ದವನು ನಾನೇ.

ಅಧ್ಯಕ್ಷರಾಗಿದ್ದ ಮಳವಳ್ಳಿಯ ವೃದ್ಧ ವಕೀಲರು ಕಟ್ಟು ಯಾವಾಗ ಬಂತೆಂದು ಕೇಳಿದರು. ಮ್ಯಾನೇಜಿಂಗ್ ಡೈರೆಕ್ಟರ್ ನನ್ನನ್ನೇ ನೋಡುತ್ತಿದ್ದರು. ನನಗೂ ಹೆಂಡತಿ ಮಕ್ಕಳಿದ್ದರು, ಭಯವಾಯಿತು. ಆದರೂ ಎದ್ದು ನಿಂತೆ.

"ಇವತ್ತು ಬೆಳಿಗ್ಗೆ. ನಿಯಮದ ಪ್ರಕಾರ ಇವು ಊರ್ಜಿತವಲ್ಲ."

"ನಮ್ಮ ಸಂಬಳ ತಿನ್ನೋರು ನೀವು" ಎಂದರು ಮ್ಯಾನೇಜಿಂಗ್ ಡೈರೆಕ್ಟರ್.

"ಕಂಪನಿಯ ಸಂಬಳ, ಸಾರ್" ಎಂದೆ.

ಕಟ್ಟು ವಾಪಸ್ಸಾಯಿತು, ಅವರು ಸೋತರು. ಹೊಸ ಮಂಡಳಿ ಮೊದಲ ಸಭೆಯಲ್ಲೇ ಸಾಬರನ್ನು ಕರೆಸಿತು. ಅವರು ಬಾಯ್ಲರ್ ತಣ್ಣಗಾಗುವವರೆಗೆ ಕಾದು, ವಾಲ್ವ್ ಬಿಚ್ಚಿ ತಂದು ನನ್ನ ಕೈಗಿಟ್ಟರು. ತುಕ್ಕು ಹಿಡಿದಿತ್ತು, ಶಕ್ತಿಯೆಲ್ಲ ಹಾಕಿದರೂ ಮಿಸುಕಲಿಲ್ಲ.

"ಇದ್ರ ಪಕ್ದಲ್ಲೇ ಅನ್ನೆಲ್ಡು ಜನ ದುಡೀತಿದ್ರು, ಸ್ವಾಮಿ" ಎಂದರು.

ನನಗೆ ನಾಚಿಕೆಯಾಯಿತು. ಸಭೆಯಲ್ಲಿ ಮಾತಾಡುವ ಹಕ್ಕಿಲ್ಲದ ನೌಕರನ ಪರವಾಗಿ ಅಲ್ಲಿರುವುದು ನಿಯಮವೊಂದೇ, ಅದನ್ನು ಓದಿ ಹೇಳಬೇಕಾದವನು ಕಾರ್ಯದರ್ಶಿ. ಅಷ್ಟು ವರ್ಷ ನಾನು ಅದನ್ನು ಮರ್ಯಾದೆಯ ಹೆಸರಿನಲ್ಲಿ ಓದದೆ ಬಿಟ್ಟಿದ್ದೆ.