ಮುನಿಯಮ್ಮ ಹೇಳಿದ್ದು

ಮುನಿಯಮ್ಮ ಹೆದರುವ ಪೈಕಿಯಲ್ಲ. ವಿರೂಪಾಕ್ಷಿಪುರದ ಕಡೆಯ ಆ ಊರಿನಲ್ಲಿ ರೇಷ್ಮೆ ಹುಳ ಸಾಕಿ, ಮಗನ ಮದುವೆ ಮಾಡಿ, ಗಂಡನ ಕುಡಿತವನ್ನೂ ಬಿಡಿಸಿದ ಗಟ್ಟಿಗಿತ್ತಿ. ಆದರೆ ಕೆರೆ ಒಡೆದು ಮನೆ ಕೊಚ್ಚಿಹೋದ ಮೇಲೆ, ಶಾಲೆ ಬಯಲಿನ ಟಾರ್ಪಾಲಿನಡಿ ಕೂತ ಅವಳಿಗೂ ಹೆದರಿಕೆ ಹತ್ತಿತ್ತು. ಕೆರೆಗಿಂತ ರಾಮಲಿಂಗಯ್ಯನ ಭಯವೇ ಹೆಚ್ಚು.

ಪರಿಹಾರ ಹಂಚಲು ಬಂದ ಸಂಸ್ಥೆಯವರು ಹೆಂಗಸರಿಗೆಂದು ತಗಡಿನ ಕಕ್ಕಸು ಕಟ್ಟಿಸಿ, ಊರ ಯಜಮಾನನೆಂದು ಬೀಗದ ಕೈಯನ್ನು ರಾಮಲಿಂಗಯ್ಯನಿಗೆ ಕೊಟ್ಟಿದ್ದರು. ಆ ಪುಣ್ಯಾತ್ಮ ಅದರೊಳಗೆ ತನ್ನ ಬೂಸಾ ಮೂಟೆ ಪೇರಿಸಿ ಬೀಗ ಜಡಿದಿದ್ದ. ಮುನಿಯಮ್ಮನ ತುಂಬು ಬಸುರಿ ಸೊಸೆ ಪ್ರತಿಮಾ ಮುಸ್ಸಂಜೆಯಲ್ಲಿ ಕೆರೆಯಂಗಳದ ಪೊದೆಗೆ ಹೋಗಿ, ಕೆಸರಲ್ಲಿ ಜಾರಿ ಬಿದ್ದಳು. ಮಗು ಉಳಿದದ್ದು ದೇವರ ದಯೆ. ಇನ್ನೊಮ್ಮೆ ಬಿದ್ದರೆ? ಬಾಯಿಬಿಡೋಣವೆಂದರೆ ಹಾಲಿನ ಡೈರಿಯ ಕಾರ್ಯದರ್ಶಿಯೂ ಅವನೇ. "ನಿನ್ ಹಾಲಲ್ಲಿ ನೀರೈತೆ" ಎಂದುಬಿಟ್ಟರೆ, ಉಳಿದಿರುವ ಒಂದೇ ಹಸುವಿನ ಹಾಲನ್ನು ಕೇಳುವವರಿಲ್ಲ.

ಸಂಸ್ಥೆಯ ಶ್ರುತಿ ಸಭೆ ಕರೆದು, "ನಮ್ಮಿಂದ ತಪ್ಪಾಗಿದ್ರೆ ಧೈರ್ಯವಾಗಿ ಹೇಳಿ" ಎಂದಳು. ಪಕ್ಕದ ಕುರ್ಚಿಯಲ್ಲೇ ರಾಮಲಿಂಗಯ್ಯ. "ಎಲ್ಲಾ ಚೆಂದಾಗೈತೆ ಕಣವ್ವ" ಎಂದು ಇಡೀ ಬಯಲು ತಲೆಯಾಡಿಸಿತು. ಚೆಂದವಂತೆ, ಮಣ್ಣು!

ಶ್ರುತಿ ಏಳುವಾಗ ಮುನಿಯಮ್ಮ ಅಡ್ಡ ನಿಂತು ಅಂದಳು: "ಹೆಣ್ಮಗಳು ಹಂಗೇ ವೋಗ್ಬಾರ್ದು ಕಣವ್ವ. ಒಳಕ್ ಬಾ, ಕುಂಕುಮ ಇಟ್ಕೊಂಡೋಗು."

ಅರಿಶಿನ ಕುಂಕುಮಕ್ಕೆ ಕರೆದರೆ ಗಂಡಸರು ಹಿಂದೆ ಬರುವಂತಿಲ್ಲ. ಟಾರ್ಪಾಲಿನೊಳಗೆ ಶ್ರುತಿಯ ಹಣೆಗೆ ಕುಂಕುಮ ಇಡುತ್ತಲೇ ಮುನಿಯಮ್ಮ ಪಿಸುದನಿಯಲ್ಲಿ ಎಲ್ಲ ಹೇಳಿದಳು. ನನ್ನ ಹೆಸರು ಎತ್ತಬೇಡ ಎನ್ನುವಷ್ಟರಲ್ಲಿ ಶ್ರುತಿ ಕೆಂಡವಾಗಿ ಹೊರಗೆ ನಡೆದಾಗಿತ್ತು.

"ರಾಮಲಿಂಗಯ್ಯನವರೇ, ಕಕ್ಕಸಿನ ಬೀಗ ತೆಗೀರಿ. ಮುನಿಯಮ್ಮನವರು ಎಲ್ಲಾ ಹೇಳಿದ್ರು!"

ಒಳ್ಳೆಯ ಹುಡುಗಿಯೇ, ಪಾಪ. ಮುನಿಯಮ್ಮ ಕುಂಕುಮದ ಭರಣಿ ಹಿಡಿದೇ ಹೊರಗೆ ಬಂದಳು.

"ಏನಮ್ಮಿ, ನೀನಾ ಯೋಳಿದ್ದು?" ರಾಮಲಿಂಗಯ್ಯ ನಗುತ್ತಲೇ ಕೇಳಿದ.

ಇಲ್ಲ ಎನ್ನಲು ಬಾಯಿ ತೆರೆದಳು. ಎದುರಿಗೆ ಪ್ರತಿಮಾ ಸೊಂಟ ಹಿಡಿದು ನಿಂತಿದ್ದಳು.

"ಊಂ ಕಣಣ್ಣ. ನಾನೇ."

ಬೀಗ ತೆಗೆದರು, ಮೂಟೆಗಳು ಹೊರಬಂದವು. ಹೆಂಗಸರಲ್ಲಿ ಒಬ್ಬರೂ ಮುನಿಯಮ್ಮನ ಮುಖ ನೋಡಲಿಲ್ಲ. ಪ್ರತಿಮಾ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಬಾಗಿಲ ಮುಂದೆ ಕಾವಲು ನಿಂತ ಮುನಿಯಮ್ಮನಿಗೆ ಕೈಬೀಸಿ ಶ್ರುತಿ ಜೀಪು ಹತ್ತಿ ಹೊರಟಳು. ರಾಮಲಿಂಗಯ್ಯ ಅದೇ ಕುರ್ಚಿಯಲ್ಲಿ ಕೂತಿದ್ದ, ಮುನಿಯಮ್ಮನನ್ನೇ ನೋಡುತ್ತಾ.