ಪತ್ತೆಯಕ್ಕ ಆಕ್ ಭಾಷೆ ಕಲಿತದ್ದು

ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರಮ್ಮಿನ ತುದಿಗೆ ಹೋಗಿ, ಪಾರ್ಸೆಲ್ ಕೋಣೆಯ ಹಿಂದಕ್ಕೆ ತಿರುಗಿದರೆ ಹಸಿರು ಬಾಗಿಲೊಂದು ಸಿಗುತ್ತದೆ. ಪ್ರಯಾಣಿಕರು ರೈಲಿನಲ್ಲಿ ಮರೆತುಹೋದ ಸಾಮಾನುಗಳೆಲ್ಲ ಬಂದು ಸೇರುವ ಕೋಣೆ ಅದು. ಹನ್ನೊಂದು ವರ್ಷ ಟಿಕೆಟ್ ಪರೀಕ್ಷಕಿಯಾಗಿ ಡಬ್ಬಿಯಿಂದ ಡಬ್ಬಿಗೆ ಓಡಾಡಿ, ಕೊನೆಗೆ ಬಲ ಮೊಣಕಾಲು ಮುಷ್ಕರ ಹೂಡಿದ ಮೇಲೆ ಅವಳನ್ನು ಆ ಕೋಣೆಗೆ ಹಾಕಿದರು. ಬಂದ ಮೊದಲ ವಾರವೇ ಯಾರದೋ ಕೃತಕ ಹಲ್ಲಿನ ಸೆಟ್ಟನ್ನು ಅದರ ಯಜಮಾನರಿಗೆ ಊಟದ ಹೊತ್ತಿನೊಳಗೆ ಮುಟ್ಟಿಸಿದ್ದಳು. ಅಂದಿನಿಂದ ಕೂಲಿಗಳು, ಗಾರ್ಡುಗಳು, ಚಹಾ ಮಾರುವವರು ಎಲ್ಲರಿಗೂ ಅವಳು ಪತ್ತೆಯಕ್ಕ.

ಕೋಣೆಯ ತುಂಬ ನೆಲದಿಂದ ಸೂರಿನವರೆಗೆ ಕಬ್ಬಿಣದ ಅರೆಗಳು. ಕೊಡೆಗಳಿಗೆ ಒಂದು ಗೋಡೆ, ಚೀಲಗಳಿಗೆ ಇನ್ನೊಂದು. ಕನ್ನಡಕಗಳು ಹಳೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ. ಒಂಟಿ ಚಪ್ಪಲಿಗಳೂ ಇದ್ದವು. ಒಂದೇ ಚಪ್ಪಲಿ ಬಿಟ್ಟು ಇಳಿದುಹೋಗುವುದು ಹೇಗೆ ಎಂಬುದು ಪತ್ತೆಯಕ್ಕನಿಗೆ ಇವತ್ತಿಗೂ ಬಗೆಹರಿದಿಲ್ಲ. ದಿನಾ ಸಂಜೆ ನಲವತ್ತು ನಿಲ್ದಾಣಗಳಿಂದ ಎರಡು ಪಟ್ಟಿ ಬರುತ್ತಿದ್ದವು: ಒಂದು ಸಿಕ್ಕಿದ್ದರ ಪಟ್ಟಿ, ಒಂದು ಕಳೆದದ್ದರ ಪಟ್ಟಿ. ಒಂದೊಂದು ಸಾಮಾನಿಗೆ ಒಂದೊಂದು ಸಾಲು. ಸಾಲಿನಲ್ಲಿ ದಿನಾಂಕ, ರೈಲಿನ ನಂಬರು, ವಸ್ತು, ಬಣ್ಣ, ಕೊನೆಗೆ ಷರಾ; ಕಳೆದದ್ದರ ಪಟ್ಟಿಯಲ್ಲಾದರೆ ಯಜಮಾನರ ಹೆಸರು, ಫೋನ್ ನಂಬರು ಕೂಡ. ಎರಡನ್ನೂ ಮುದ್ರಿಸಿ, ಅಡಿಕೋಲು ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸುವುದು ಅವಳ ಕೆಲಸ. ಹತ್ತು ಸಾಮಾನು ಹೋದರೆ ಹದಿನೈದು ಬರುತ್ತಿದ್ದವು. ಹೀಗೆ ಎರಡು ವರ್ಷದಲ್ಲಿ ಮೂರು ಸಾವಿರದ ಎಂಟುನೂರು ಸಾಮಾನು ಗುಡ್ಡೆಬಿದ್ದಿತ್ತು.

ಒಂದು ದಿನ ಮೇಲಧಿಕಾರಿ ಬಂದು, ಕೋಣೆಯ ಉದ್ದಗಲ ಅಳೆಸಿ, ಮೂರು ತಿಂಗಳಲ್ಲಿ ಸರಕು ಅರ್ಧಕ್ಕೆ ಇಳಿಯದಿದ್ದರೆ ಎಲ್ಲವನ್ನೂ ವಿಲೇವಾರಿಗೆ ಕಳಿಸಿ ಕೋಣೆಯನ್ನು ಪಾರ್ಸೆಲ್‌ನವರಿಗೆ ಕೊಡುತ್ತೇವೆ ಎಂದು ಹೇಳಿಹೋದರು. ಅವರ ಮಾತು ಮೆದುವಾಗಿಯೇ ಇತ್ತು. ಪತ್ತೆಯಕ್ಕನಿಗೆ ಮಾತ್ರ ಊಟ ಸೇರಲಿಲ್ಲ. ಅಷ್ಟೂ ಸಾಮಾನಿನ ಯಜಮಾನರು ಎಲ್ಲೋ ಇದ್ದಾರೆ, ಅವರ ಹೆಸರು ಫೋನ್ ನಂಬರುಗಳೂ ತನ್ನ ಪಟ್ಟಿಯಲ್ಲೇ ಇವೆ, ಕೂಡಿಸಲು ಕೈ ಸಾಲುತ್ತಿಲ್ಲ ಅಷ್ಟೇ ಎಂಬುದು ಅವಳಿಗೆ ಗೊತ್ತಿತ್ತು.

ಆ ವಾರವೇ ಕಂಪ್ಯೂಟರ್ ರಿಪೇರಿಯವರು ಬಂದರು. ಐವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಪಟ್ಟಿ ಹೋಲಿಸುವ ಯಾವುದಾದರೂ ಸಾಫ್ಟ್‌ವೇರ್ ಹಾಕಿಕೊಡಿ ಎಂದು ಅವಳು ಕೇಳಿದಳು. ಇಲಾಖೆಯ ಯಂತ್ರಕ್ಕೆ ಹೊಸದೇನೂ ಹಾಕುವ ಹಾಗಿಲ್ಲ ಎಂದರು. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಸ್ವಲ್ಪ ಯೋಚಿಸಿ, ಹಾಕುವ ಅಗತ್ಯವೂ ಇಲ್ಲ ಎಂದರು. ಈ ಕಂಪ್ಯೂಟರಿನ ಹೊಟ್ಟೆಯಲ್ಲಿ ಮೊದಲಿನಿಂದಲೂ ಒಂದು ಪುಟ್ಟ ಭಾಷೆ ಕೂತಿದೆಯಂತೆ. ಹೆಸರು ಆಕ್. ಅದನ್ನು ಮಾಡಿದ ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಇಟ್ಟದ್ದು. ಈಗಿನವರು ಅದರ ಕಡೆ ಹೊರಳಿ ನೋಡುವುದೂ ಅಪರೂಪವಂತೆ.

"ಇದಕ್ಕೆ ಬರೋದು ಒಂದೇ ಕೆಲಸ," ಎಂದರು ರಿಪೇರಿಯವರು. "ಒಂದು ಸಾಲು ಓದುತ್ತೆ. ನೀವು ಹೇಳಿದ್ದು ಅದರಲ್ಲಿದೆಯಾ ನೋಡುತ್ತೆ. ಇದ್ದರೆ ಹೇಳಿದ ಕೆಲಸ ಮಾಡುತ್ತೆ. ಮುಂದಿನ ಸಾಲಿಗೆ ಹೋಗುತ್ತೆ. ನೀವು ಅಡಿಕೋಲು ಇಟ್ಕೊಂಡು ಮಾಡ್ತಿರೋದೂ ಅದೇ ತಾನೆ?"

ಕೊಡೆ ಎಂಬ ಪದವಿರುವ ಸಾಲುಗಳನ್ನು ಎಣಿಸುವ ಒಂದೇ ಒಂದು ಗೆರೆಯ ಆಜ್ಞೆಯನ್ನು ಟೈಪು ಮಾಡಿ ತೋರಿಸಿದರು. ಪತ್ತೆಯಕ್ಕ ರೆಪ್ಪೆ ಬಡಿಯುವುದರೊಳಗೆ ಪರದೆಯ ಮೇಲೆ 413 ಎಂದು ಬಂತು. ಅದೇ ಪಟ್ಟಿಯನ್ನು ಹಿಂದಿನ ದಿನ ಅವಳು ಒಂದಿಡೀ ಮಧ್ಯಾಹ್ನ ಕೂತು ಎಣಿಸಿದಾಗ 412 ಬಂದಿತ್ತು. ಹೆಚ್ಚಾದ ಒಂದು ಯಾವುದೆಂದು ಹುಡುಕಿದರೆ, ಷರಾದಲ್ಲಿ "ಕೊಡೆಯಾಕಾರದ ಮೇಜಿನ ದೀಪ" ಎಂದಿತ್ತು. ಇಷ್ಟು ಜೋರಾಗಿ ಓಡುವ ಯಂತ್ರಕ್ಕೂ ತನ್ನಂಥವಳೊಬ್ಬಳು ಪಕ್ಕದಲ್ಲಿ ಬೇಕು ಎಂದು ಅವಳಿಗೆ ಅನ್ನಿಸಿದ್ದು ಆಗ. ಒಳಗೊಳಗೇ ಖುಷಿಯಾಯಿತು. ರಿಪೇರಿಯವರು ನಾಲ್ಕು ಹಾಳೆಯ ಟಿಪ್ಪಣಿ ಮುದ್ರಿಸಿ ಕೊಟ್ಟು, ಚಹಾವನ್ನೂ ಕುಡಿಯದೆ ಹೊರಟುಹೋದರು.

ಅವಳು ಕಲಿಯಲು ಹೊರಟದ್ದು ಪಾಠದ ಕ್ರಮದಲ್ಲಲ್ಲ, ಆಯಾ ದಿನದ ತಲೆನೋವಿನ ಕ್ರಮದಲ್ಲಿ. ಬೆಳಗಿನ ಎರಡು ರೈಲು ಹೋದ ಮೇಲೆ ಒಂದು ಗಂಟೆ ಬಿಡುವು ಸಿಗುತ್ತಿತ್ತು. ಆ ಗಂಟೆಗೆ ಒಂದೇ ಸಮಸ್ಯೆ ಎಂದು ಗೊತ್ತುಮಾಡಿಕೊಂಡಳು. ಕತ್ತಿನ ಸರ ಕಳೆದುಕೊಂಡ ಹೆಂಗಸೊಬ್ಬರು ಫೋನು ಮಾಡಿದ ದಿನ "ಸರ" ಎಂದು ಹುಡುಕಿಸಿದಳು. ನೂರಾರು ಸಾಲು ಬಂದವು. "ಅವಸರದಲ್ಲಿ ಬಿಟ್ಟ ಚೀಲ", "ಬಡಗಿಯ ಸರಂಜಾಮು", "ತುಂಬ ಬೇಸರವಾಗಿದೆ, ದಯವಿಟ್ಟು ಹುಡುಕಿ". ಅವಸರದಲ್ಲೂ ಬೇಸರದಲ್ಲೂ ಸರವಿದೆ ಎಂದು ನಲವತ್ತಾರು ವರ್ಷ ಕನ್ನಡ ಆಡಿದವಳಿಗೆ ಅಂದೇ ತಿಳಿದದ್ದು. ಇಡೀ ಸಾಲಿನಲ್ಲಿ ಎಲ್ಲಾದರೂ ಹುಡುಕುವುದು ಬೇರೆ, ಮೂರನೇ ಕಾಲಮ್ಮನ್ನು, ಅಂದರೆ ವಸ್ತುವಿನ ಹೆಸರನ್ನು, ಮಾತ್ರ ನೋಡು ಅನ್ನುವುದು ಬೇರೆ ಎಂಬ ಪಾಠ ಹಾಗೆ ಆಯಿತು. ಸರ ಸಿಕ್ಕಿತು, ಮಣಿಯದು.

ಮನೆಯಲ್ಲಿ ಅವಳ ಗಂಡ, ಕಿಟಕಿಗೆ ಗಾಜು ಕತ್ತರಿಸುವ ಕೆಲಸದವನು, ಹೆಂಡತಿ ಹಾಳೆಗಳ ಮೇಲೆ ಆವರಣ ಚಿಹ್ನೆ ಬರೆದುಕೊಂಡು ಕೂರುವುದನ್ನು ನೋಡಿ, ಈ ವಯಸ್ಸಲ್ಲಿ ಹೊಸ ಲಿಪಿ ಕಂಡುಹಿಡಿಯುತ್ತಿದ್ದೀಯಾ ಎಂದು ಕೀಟಲೆ ಮಾಡುತ್ತಿದ್ದ. ಅವನ ತಾಯಿ ಕೀಟಲೆ ಮಾಡಲಿಲ್ಲ. ಎಪ್ಪತ್ತನಾಲ್ಕು ವರ್ಷದ ಅತ್ತೆ, ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅತ್ತೆ ಸೊಸೆಗೆ ಜಗಳವೇನೂ ಇರಲಿಲ್ಲ, ಹಾಗಂತ ಕೂತು ಹರಟುವಷ್ಟು ಸಲಿಗೆಯೂ ಇರಲಿಲ್ಲ. ತರಕಾರಿ ಏನು ತರಲಿ, ಗುಳಿಗೆ ತಗೊಂಡ್ರಾ, ಇಷ್ಟೇ ಮಾತು.

ಒಂದು ಭಾನುವಾರ ಮಧ್ಯಾಹ್ನ ಪತ್ತೆಯಕ್ಕ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಹಿಂದಿನ ದಿನ ಸಿಕ್ಕಿದ್ದರ ಪಟ್ಟಿಯಿಂದ ಕನ್ನಡಕಗಳನ್ನು ಮಾತ್ರ ಬೇರ್ಪಡಿಸಲು ಹೊರಟಿದ್ದಳು. ಆಜ್ಞೆ ಕೊಟ್ಟಿದ್ದೇ ತಡ, ಮೂರು ಸಾವಿರದ ಎಂಟುನೂರು ಸಾಲೂ ಪರದೆಯ ಮೇಲೆ ಸುರಿದಿತ್ತು, ಪ್ರತಿ ಸಾಲಿನಲ್ಲೂ ಕನ್ನಡಕ. ಹಳದಿ ಸೂಟ್‌ಕೇಸು ಹೋಗಿ ಹಳದಿ ಕನ್ನಡಕವಾಗಿತ್ತು. "ಒಳಗೆ ಮೂರು ಸೇರು ಅಕ್ಕಿ ಇದೆ" ಎಂಬ ಷರಾದ ಎದುರಿಗೂ ಕನ್ನಡಕ. "ಚಕ್ರ ಕಿತ್ತುಹೋಗಿದೆ" ಎಂದಿದ್ದಕ್ಕೂ ಕನ್ನಡಕ.

ಅತ್ತೆ ಬಂದು ಹಾಳೆ ಎತ್ತಿಕೊಂಡರು. ಇದೇನು ಭಾಷೆ ಎಂದು ಕೇಳಲಿಲ್ಲ. ಕನ್ನಡಕ ಮೂಗಿಗೇರಿಸಿ, ಸೊಸೆಯ ಹಿಂದಿನ ವಾರದ ಸರಿಯಿದ್ದ ಹಾಳೆಗಳನ್ನೂ ಪಕ್ಕಕ್ಕಿಟ್ಟುಕೊಂಡು, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ನೋಡಿದರು. ಕೆಂಪು ಪೆನ್ಸಿಲ್ ತರಿಸಿಕೊಂಡು ಒಂದು ಕಡೆ ಸುತ್ತು ಹಾಕಿದರು.

"ನನಗೆ ಅರ್ಥವೇನೂ ಗೊತ್ತಿಲ್ಲ," ಎಂದರು. "ಆದ್ರೆ ಬೇರೆಲ್ಲಾ ಕಡೆ ಸಮಚಿಹ್ನೆ ಎರಡೆರಡು ಬರೆದಿದ್ದೀಯ. ಇಲ್ಲಿ ಒಂದೇ ಇದೆ. ಒಂದು ಬಿಟ್ಟುಹೋಗಿದೆ."

ಪತ್ತೆಯಕ್ಕ ಟಿಪ್ಪಣಿ ತೆಗೆದು ನೋಡಿದಳು. ಎರಡು ಸಮಚಿಹ್ನೆ ಇದ್ದರೆ ಇದು ಕನ್ನಡಕವೇ ಎಂದು ಕೇಳಿದ ಹಾಗೆ. ಒಂದೇ ಇದ್ದರೆ ಇದು ಕನ್ನಡಕವಾಗಲಿ ಎಂದು ಅಪ್ಪಣೆ ಕೊಟ್ಟ ಹಾಗೆ. ಅತ್ತೆಗೆ ಅದನ್ನು ವಿವರಿಸಿದಳು.

"ಒಂದು ಚಿಹ್ನೆಗೆ ಆಗಲಿ, ಎರಡು ಚಿಹ್ನೆಗೆ ಹೌದಾ," ಎಂದು ತಮಗೆ ತಾವೇ ಹೇಳಿಕೊಂಡರು. "ಆ ಯಂತ್ರದ ತಪ್ಪೇನೂ ಇಲ್ಲ ಬಿಡು. ನೀನು ಹೇಳಿದ್ದನ್ನೇ ಮಾಡಿದೆ ಪಾಪ."

ಆಮೇಲೆ ಅತ್ತೆಗೆ ನಗು ಹತ್ತಿತು. ಕನ್ನಡಕದೊಳಗೆ ಮೂರು ಸೇರು ಅಕ್ಕಿ ಎಂದು ಹೇಳಲು ಹೋಗಿ, ಹೇಳಲಾಗದೆ, ಕಣ್ಣೊರೆಸಿಕೊಂಡರು. ಸೊಸೆಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಾಜಿನ ಅಳತೆ ಬರೆದುಕೊಳ್ಳುತ್ತಿದ್ದ ಗಂಡ ಒಳಗೆ ಬಂದು, ಇಬ್ಬರ ಮುಖ ನೋಡಿ, ಏನೂ ತಿಳಿಯದೆ ಮರಳಿ ಹೋದ.

ಅಂದಿನಿಂದ ಅತ್ತೆ ಪಾಲುದಾರರಾದರು. ದಿನಾ ಸಂಜೆ ಸೊಸೆಯ ಕೈಯಿಂದ ಚೀಲ ಇಸಿದುಕೊಂಡು ಹಾಳೆ ಬಂದಿದೆಯಾ ಎಂದು ನೋಡುವರು. ಬಿಟ್ಟ ಆವರಣ, ಜಾರಿದ ಅಲ್ಪವಿರಾಮ, ಯಾವುದೂ ಅವರ ಪೆನ್ಸಿಲ್ಲಿಗೆ ತಪ್ಪುತ್ತಿರಲಿಲ್ಲ. ದೊಡ್ಡ ತೊಡಕೊಂದಿತ್ತು: ಕಳೆದುಕೊಂಡವರು ಛತ್ರಿ ಎಂದು ಬರೆಸಿದರೆ ಸಿಕ್ಕಿದವರು ಕೊಡೆ ಎಂದು ಬರೆಯುತ್ತಿದ್ದರು. ಒಬ್ಬರ ಸಂಚಿ ಇನ್ನೊಬ್ಬರ ಬ್ಯಾಗು. ಆಕ್ ಭಾಷೆಯಲ್ಲಿ ಗೂಡುಗಳನ್ನು ಮಾಡಬಹುದು ಎಂದು ಪತ್ತೆಯಕ್ಕ ಓದಿದ್ದಳು. ಒಂದು ಎರಡು ಎಂಬ ನಂಬರಿನ ಗೂಡಲ್ಲ, ಹೆಸರು ಬರೆದ ಗೂಡು. ಛತ್ರಿ ಎಂದು ಬರೆದ ಗೂಡಿನಲ್ಲಿ ಕೊಡೆ ಎಂಬ ಪದವನ್ನಿಟ್ಟರಾಯಿತು, ಯಂತ್ರ ಛತ್ರಿ ಕಂಡಲ್ಲೆಲ್ಲ ಕೊಡೆ ಎಂದು ತಿಳಿಯುತ್ತದೆ. ಕೋಣೆಯ ಅರೆಗಳ ಮೇಲೆ ಚೀಟಿ ಅಂಟಿಸಿದವಳಿಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ. ಗೂಡುಗಳಿಗೆ ಪದ ತುಂಬುವ ಕೆಲಸವನ್ನು ಅತ್ತೆ ಹಬ್ಬದಂತೆ ಮಾಡಿದರು. ಬ್ಯಾಗು, ಸಂಚಿ, ಚೀಲ, ಕೈಚೀಲ, ಥೈಲಿ. ಆಕಾಶ ಬಣ್ಣ, ನವಿಲು ಬಣ್ಣ, ಶಾಯಿ ಬಣ್ಣ ಎಲ್ಲ ನೀಲಿಗೆ. ಮುನ್ನೂರ ಹತ್ತು ಪದ ಕೊಟ್ಟರು. ಸ್ನಾನದ ಮನೆಯಿಂದ ಕೂಗಿ ಹೇಳಿದ ಪದಗಳೂ ಅದರಲ್ಲಿದ್ದವು.

ಎರಡೂ ಪಟ್ಟಿಗಳನ್ನು ಎದುರುಬದುರು ನಿಲ್ಲಿಸಿ, ದಿನ, ರೈಲು, ವಸ್ತು, ಬಣ್ಣ ನಾಲ್ಕೂ ಕೂಡಿದರೆ ಮಾತ್ರ ತೋರಿಸು ಎಂದು ಮೊದಲ ಸಲ ಓಡಿಸಿದಾಗ ಅರವತ್ತೊಂದು ಜೋಡಿ ಬಂದವು. ಪತ್ತೆಯಕ್ಕ ಅರವತ್ತೊಂದು ಮನೆಗೂ ಫೋನು ಮಾಡಿದಳು. ಆದರೂ ಲೆಕ್ಕ ಕಡಿಮೆ ಎನಿಸಿತು. ಕೂತು ಯೋಚಿಸಿದಾಗ ಹೊಳೆಯಿತು: ಇಂದು ಮಧ್ಯಾಹ್ನ ರೈಲಿನಲ್ಲಿ ಬಿಟ್ಟದ್ದು ನಾಳೆ ಬೆಳಗ್ಗೆ ಕೊನೆಯ ನಿಲ್ದಾಣದಲ್ಲಿ ಕಸ ಗುಡಿಸುವಾಗ ಸಿಗುತ್ತದೆ. ಮರುದಿನವೂ ಆದೀತು ಎಂದು ತಿದ್ದಿದಳು. ಅದೂ ತಿಂಗಳ ಕೊನೆಯಲ್ಲಿ ಕೈಕೊಟ್ಟಿತು. ಮೂವತ್ತೊಂದರ ಮರುದಿನ ಒಂದು ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅತ್ತೆ ಮುಷ್ಟಿ ಮಾಡಿ, ಬೆರಳ ಗೆಣ್ಣು ಮುಟ್ಟುತ್ತ ತಿಂಗಳುಗಳ ದಿನ ಎಣಿಸಿದರು. ಹನ್ನೆರಡು ಗೂಡು ಮಾಡಿ, ಆಯಾ ತಿಂಗಳಿಗೆ ಮುಂಚೆ ಎಷ್ಟು ದಿನ ಕಳೆದಿತ್ತು ಎಂಬುದನ್ನು ಅದರಲ್ಲಿಟ್ಟು, ಹಿಂದಿನ ವರ್ಷದ ದಿನಗಳನ್ನೂ ಕೂಡಿಸಿ, ಪ್ರತಿ ದಿನಾಂಕವನ್ನೂ ಮೊದಲಿನಿಂದ ಇಷ್ಟನೇ ದಿನ ಎಂಬ ಒಂದೇ ಅಂಕಿ ಮಾಡಿದಳು. ಈ ಸಲ ಎಂಟುನೂರ ತೊಂಬತ್ತು ಜೋಡಿ ಬಂದವು.

ಹಸಿರು ಬಾಗಿಲ ಮುಂದೆ ಸಾಲು ನಿಂತಿತು. ಕೂಲಿಗಳೇ ಜನರನ್ನು ಕರೆತಂದು ಬಿಟ್ಟುಹೋಗುತ್ತಿದ್ದರು. ಒಬ್ಬಾಕೆ ತನ್ನ ಕೊಡೆಯನ್ನು ಅಲ್ಲೇ ಬಿಚ್ಚಿ, ಒಳಗಿನ ತೇಪೆಯನ್ನು ಗುರುತು ಹಿಡಿದು, ಬಿಸಿಲಿಲ್ಲದಿದ್ದರೂ ಹಿಡಿದುಕೊಂಡೇ ನಡೆದಳು.

ಪತ್ತೆಯಕ್ಕನನ್ನು ಕಾಡುತ್ತಿದ್ದ ಸಾಲು ಇನ್ನೂ ಒಂದಿತ್ತು. ಸಿಕ್ಕಿದ್ದರ ಪಟ್ಟಿಯಲ್ಲಿ "ಕಪ್ಪು ಕೊಳವೆ, ಐದು ತುಂಡು, ಏನೆಂದು ತಿಳಿಯದು" ಎಂದಿತ್ತು. ನಲ್ಲಿ ರಿಪೇರಿಯವರದಿರಬೇಕು ಎಂದು ಯಾರೋ ಪೈಪುಗಳ ಜೊತೆ ಇಟ್ಟಿದ್ದರು. ಹೆಸರೇ ಗೊತ್ತಿಲ್ಲದ ವಸ್ತುವಿಗೆ ಯಾವ ಗೂಡು? ಹಾಗಾದರೆ ವಸ್ತುವಿನ ಹೆಸರನ್ನು ಕೇಳಲೇಬೇಡ ಎಂದುಕೊಂಡಳು. ಜನ ಹೆಸರು ಏನಾದರೂ ಬರೆಯಲಿ, ರೈಲಿನ ನಂಬರು ಬದಲಾಗದು. ರೈಲು, ದಿನ, ಬಣ್ಣ ಮೂರನ್ನೇ ಇಟ್ಟು ಓಡಿಸಿದಳು. ಎರಡು ಸಾಲು ಬಂದವು. ಒಂದು ಕಪ್ಪು ಕೋಟು. ಇನ್ನೊಂದು, ನಿವೃತ್ತ ಅಂಚೆಯವರೊಬ್ಬರ ಕ್ಲಾರಿನೆಟ್ ಎಂಬ ಊದುವಾದ್ಯ, ಹತ್ತೊಂಬತ್ತು ತಿಂಗಳ ಹಿಂದಿನದು.

ಅಂಚೆಯವರು ಮರುದಿನ ಬೆಳಗಿನ ಮೊದಲ ರೈಲಿಗೇ ಬಂದರು. ಐದು ತುಂಡನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ತಿರುಪಿ ಕೂಡಿಸಿದರು. ಜೇಬಿನಿಂದ, ಊದುವ ತುದಿಗೆ ಹಾಕುವ ಹೊಸ ನಾಲಿಗೆಪಟ್ಟಿ ತೆಗೆದು ಬಾಯಲ್ಲಿ ನೆನೆಸಿ ಸಿಕ್ಕಿಸಿದರು. ಮೊದಲ ಸಲ ಊದಿದಾಗ ಬಾತುಕೋಳಿ ಬೈದಂತೆ ಸದ್ದು ಬಂತು. ಅಂಚೆಯವರು ನಾಚಿಕೊಂಡರು. ಎರಡನೇ ಸಲ ಒಂದು ಉದ್ದನೆಯ, ಮೃದುವಾದ ಸ್ವರ ಎದ್ದು ಅರೆಗಳ ನಡುವೆಲ್ಲ ಓಡಾಡಿತು. ನಂತರ ಹತ್ತು ನಿಮಿಷ ಅವರು ನಿಲ್ಲಿಸಲಿಲ್ಲ. ಗಾಡಿ ತಳ್ಳುತ್ತಿದ್ದ ಕೂಲಿಗಳು ಬಾಗಿಲಲ್ಲಿ ನಿಂತರು. ಸರಕು ಎಷ್ಟಿಳಿದಿದೆ ಎಂದು ನೋಡಲು ಆ ದಿನವೇ ಬಂದಿದ್ದ ಮೇಲಧಿಕಾರಿ ಹೊರಗೇ ನಿಂತು, ಮುಗಿಯುವವರೆಗೆ ಒಳಗೆ ಬರಲಿಲ್ಲ.

"ಇದನ್ನು ಮಾಡಿದ್ದು ಯಾವ ಸಾಫ್ಟ್‌ವೇರ್?" ಎಂದು ಆಮೇಲೆ ಕೇಳಿದರು.

ಪತ್ತೆಯಕ್ಕ ಹಾಳೆ ತೋರಿಸಿದಳು. ನಲವತ್ತೆರಡು ಸಾಲು, ಅಲ್ಲಲ್ಲಿ ಕೆಂಪು ಪೆನ್ಸಿಲ್ಲಿನ ಗುರುತು. ಇದು ನಾನೂ ನಮ್ಮತ್ತೆಯೂ ಬರೆದದ್ದು ಎಂದಳು.

ವಸ್ತುವಿನ ಹೆಸರು ಬಿಟ್ಟು ಹುಡುಕುವ ಉಪಾಯದಿಂದ ಇನ್ನೂ ಸಾವಿರಕ್ಕೂ ಹೆಚ್ಚು ಸಾಮಾನು ಮನೆ ಸೇರಿದವು. ಗಡುವು ಮುಗಿಯುವ ಹೊತ್ತಿಗೆ ಅರೆಗಳ ಮೇಲೆ ಸಾವಿರದ ಏಳುನೂರು ಸಾಮಾನು ಉಳಿದಿತ್ತು. ಕೋಣೆ ಅವಳದೇ ಉಳಿಯಿತು. ಬೇರೆ ನಿಲ್ದಾಣಗಳ ಗುಮಾಸ್ತರಿಗೂ ಇದನ್ನು ಕಲಿಸಿಕೊಡಿ ಎಂದು ಇಲಾಖೆಯಿಂದ ಕಾಗದ ಬಂತು. ಅತ್ತೆಯನ್ನೂ ಕರೆತರುತ್ತೇನೆ ಎಂದು ಬರೆದು ಒಪ್ಪಿದಳು. ಮೊದಲ ತಂಡದಲ್ಲಿ ಎಂಟು ಮಂದಿ. ವಿಶ್ರಾಂತಿ ಕೊಠಡಿಯ ಉದ್ದ ಮೇಜಿನ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದ ಅತ್ತೆ. ನಿವೃತ್ತಿಗೆ ಆರೇ ತಿಂಗಳಿದ್ದ ಗುಮಾಸ್ತರೊಬ್ಬರು, ಒಂದೇ ಕೊಡೆಗೆ ಇಬ್ಬರು ಯಜಮಾನರು ಹೊಂದಿದರೆ ನಿಮ್ಮ ಭಾಷೆ ಏನು ಮಾಡುತ್ತೆ ಎಂದು ಕೇಳಿದರು. ಪತ್ತೆಯಕ್ಕ ಗೊತ್ತಿಲ್ಲ ಎಂದೇ ಹೇಳಿದಳು. ಓಡಿಸಿ ನೋಡೋಣ ಎಂದು ಯಾರೋ ಅಂದರು. ಎಂಟೂ ಜನ ಕುರ್ಚಿ ಬಿಟ್ಟೆದ್ದು ಅವಳ ಬೆನ್ನ ಹಿಂದೆ ಗುಂಪಾದರು. ಅತ್ತೆ ಅವರನ್ನೆಲ್ಲ ಸರಿಸಿಕೊಂಡು ಮುಂದೆ ಬಂದು, ಎಲ್ಲರಿಗಿಂತ ಮೊದಲು ಪರದೆಗೆ ಮುಖ ಹತ್ತಿರ ತಂದರು.